ಮಾಡದಲ್ಲೇ ಉಳಿದ 14 ದಿನದ ಗುಳಿಗೆ

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನಾನು ಶಹಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಾಲಾ ಶಿಕ್ಷಕಿ. ನನ್ನ ತಮ್ಮನಿಗೆ 27 ವರ್ಷ, 72 ಕೆ.ಜಿ. ತೂಕ. ಮಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಜೂನ್‌ನಲ್ಲಿ ಅಲ್ಲೇ ಚಳಿಜ್ವರ ಬಂತು, ರಕ್ತ ಪರೀಕ್ಷೆಯಲ್ಲಿ ವೈವಾಕ್ಸ್ ಮಲೇರಿಯಾ ಅಂತ ಬಂತು. ಮೂರು ದಿನ ಮಾತ್ರೆ ನುಂಗಿ ಆರಾಮಾದ. ಜೊತೆಗೆ 14 ದಿನದ ಬೇರೆ ಗುಳಿಗೆ ಕೊಟ್ಟಿದ್ದರಂತೆ, ನಾಲ್ಕು ದಿನ ನುಂಗಿ ಬಿಟ್ಟಿದ್ದಾನೆ. ಪಂಚಮಿಗೆ ಊರಿಗೆ ಬಂದಾಗ ಮತ್ತೆ ಜ್ವರ. ಇಲ್ಲಿ ಟೈಫಾಯ್ಡ್ ಅಂತ ಐದು ದಿನ ಸಲೈನ್ ಹಚ್ಚಿದರು, ಇಳಿಯಲಿಲ್ಲ, ಕೊನೆಗೆ ನೋಡಿದರೆ ಮತ್ತೆ ಮಲೇರಿಯಾ. ಈಗ ದೀಪಾವಳಿ ಮುಗಿದ ವಾರಕ್ಕೆ ಮೂರನೇ ಸಲ. ಈ ಸಲ ಡಾಕ್ಟರು 14 ದಿನದ ಗುಳಿಗೆ ಒಂದೂ ತಪ್ಪಿಸಬೇಡ ಅಂದಿದ್ದಾರೆ. ಆದರೆ ನಮ್ಮ ದೊಡ್ಡವ್ವನ, ಅಂದರೆ ಅವ್ವನ ಅಕ್ಕನ, ಮಗ ಎರಡು ವರ್ಷದ ಹಿಂದೆ ಅದೇ ಗುಳಿಗೆ ನುಂಗಿ, ಮೂತ್ರ ಕರ್ರಗಾಗಿ, ಎರಡು ಬಾಟ್ಲಿ ರಕ್ತ ಹಚ್ಚಿಸಿಕೊಂಡು ಉಳಿದ. ನಮ್ಮವ್ವ ಗುಳಿಗೆ ಚೀಟಿ ಎರಡನ್ನೂ ಗೋಡೆಯ ಮಾಡದಲ್ಲಿ ಇಟ್ಟು ‘ಭಾಳ ಗರ್ಮಿ ಗುಳಿಗಿ ಅವ, ಮುಟ್ಟಬ್ಯಾಡ’ ಅಂತಾಳೆ. ತಮ್ಮನ ಹೆಂಡತಿ ನಮ್ಮ ಸೋದರಮಾವನ ಮಗಳೇ, ಈಗ ಐದು ತಿಂಗಳ ಬಸುರಿ. ನಾಲ್ಕು ವರ್ಷದ ಮಗಳಿದ್ದಾಳೆ. ಮಲೇರಿಯಾ ಒಮ್ಮೆ ಬಂದರೆ ಮೈಯಿಂದ ಹೋಗೋದೇ ಇಲ್ವಾ? ಒಂದೇ ಡೋಸಿನ ಔಷಧ ಬಂದಿದೆ, ಲಸಿಕೆನೂ ಬಂದಿದೆ ಅಂತ ಓದಿದೆ. ಹಾಗಾದರೆ ನಮ್ಮ ಹುಡುಗ ಯಾಕೆ ಹೀಗೆ ನರಳಬೇಕು?

ಉತ್ತರ: ಅಕ್ಕಾವ್ರೇ, ಈ ವಾರ ಏನು ಮಾಡಬೇಕು ಅನ್ನೋದನ್ನ ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ನಿಧಾನಕ್ಕೆ ಓದಿ. ಮಾಡದಲ್ಲಿರುವ ಗುಳಿಗೆ ಎಸೆಯಬೇಡಿ. ಹಾಗಂತ ಇವತ್ತೇ ನುಂಗಿಸಲೂಬೇಡಿ. ಜ್ವರಕ್ಕೆ ಕೊಟ್ಟ ಮೂರು ದಿನದ ಕ್ಲೋರೋಕ್ವಿನ್ ಮಾತ್ರ ತಪ್ಪಬಾರದು, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಅದರ ಜೊತೆಗೇ ತಮ್ಮನಿಗೆ ಜಿ6ಪಿಡಿ ಅನ್ನೋ ರಕ್ತ ಪರೀಕ್ಷೆ ಮಾಡಿಸಿ, 14 ದಿನದ ಗುಳಿಗೆಯನ್ನು ಅವನ ರಕ್ತ ತಡೆದುಕೊಳ್ಳುತ್ತದಾ ಅಂತ ಅದರಲ್ಲಿ ತಿಳಿಯುತ್ತದೆ. 14 ದಿನದ ಗುಳಿಗೆ, ಅಂದರೆ ಪ್ರೈಮಾಕ್ವಿನ್, ಆ ರಿಪೋರ್ಟ್ ಕೈಗೆ ಬಂದಮೇಲೆ. ನಿಮ್ಮ ಡಾಕ್ಟರು ಹೇಳಿದ್ದು ಸರಿ ಇದೆ. ನಿಮ್ಮವ್ವನ ಹೆದರಿಕೆಗೂ ಕಾರಣ ಇದೆ. ಇಬ್ಬರ ನಡುವೆ ಇರೋದು ಈ ಒಂದು ಪರೀಕ್ಷೆ ಅಷ್ಟೇ.

ನಿಮ್ಮ ಪತ್ರ ಓದುವಾಗ ನಾನು ‘ದೊಡ್ಡವ್ವನ ಮಗ’ ಅನ್ನೋ ಮಾತಿಗೆ ನಿಂತೆ. ಕಾಕಾನ ಮಗ ಅಂತ ಬರೆದಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಯಾಕೆ ಅನ್ನೋದು ಮುಂದೆ ಬರುತ್ತದೆ.

ಈಗ ನಿಮ್ಮ ಮೊದಲ ಪ್ರಶ್ನೆ. ನಮ್ಮ ಕಡೆ ಮುಖ್ಯವಾಗಿ ಎರಡು ಥರದ ಮಲೇರಿಯಾ ಇದೆ, ಫಾಲ್ಸಿಪಾರಮ್ ಒಂದು, ವೈವಾಕ್ಸ್ ಇನ್ನೊಂದು. ಫಾಲ್ಸಿಪಾರಮ್ ಬಂದರೆ ಬೇಗ ಮಿದುಳಿಗೆ, ಕಿಡ್ನಿಗೆ ಹೊಡೆತ ಬೀಳುತ್ತದೆ, ಜೀವಕ್ಕೇ ಕುತ್ತು. ಆದರೆ ರಕ್ತದಲ್ಲಿರುವ ಅದರ ರೋಗಾಣುವನ್ನು ಪೂರ್ತಿ ಕೊಂದರೆ ಕಥೆ ಮುಗಿಯಿತು. ವೈವಾಕ್ಸ್ ಹಾಗಲ್ಲ. ಸೊಳ್ಳೆ ಕಚ್ಚಿದ ಸ್ವಲ್ಪ ಹೊತ್ತಿನಲ್ಲೇ ರೋಗಾಣುಗಳು ಲಿವರ್ ಸೇರುತ್ತವೆ. ಅಲ್ಲಿ ಕೆಲವು ಬೆಳೆದು, ಒಡೆದು, ರಕ್ತಕ್ಕೆ ಇಳಿದು ಜ್ವರ ಎಬ್ಬಿಸುತ್ತವೆ. ಇನ್ನು ಕೆಲವು ಬೆಳೆಯದೆ ಹಾಗೇ ಮಲಗಿಬಿಡುತ್ತವೆ. ವಾರಗಟ್ಟಲೆ, ತಿಂಗಳುಗಟ್ಟಲೆ. ಮಲಗಿದಾಗ ಜ್ವರ ಇಲ್ಲ, ನೋವಿಲ್ಲ, ಲಿವರ್ ಪರೀಕ್ಷೆಯಲ್ಲೂ ಏನೂ ಕಾಣಲ್ಲ. ಆಮೇಲೆ ಒಂದು ದಿನ ಏಳುತ್ತವೆ. ಹೊಸ ಸೊಳ್ಳೆ ಕಚ್ಚಬೇಕು ಅಂತಿಲ್ಲ.

ನಿಮ್ಮ ಊರಿನವರಿಗೆ ಇದನ್ನ ಹೇಳಬೇಕಾದರೆ ಎರೆ ಹೊಲದ ಕಳೆ ಹೇಳಿ, ತಕ್ಷಣ ತಿಳಿಯುತ್ತದೆ. ಮುಂಗಾರಿಗೆ ಹುಟ್ಟಿದ ಕಳೆಯನ್ನ ಎಡೆ ಹೊಡೆದು ತೆಗೀತೀರಿ. ಹೊಲ ಚೊಕ್ಕ ಕಾಣುತ್ತದೆ. ಆದರೆ ಮಣ್ಣೊಳಗಿನ ಬೀಜ ಎಲ್ಲ ಒಂದೇ ಸಲ ಮೊಳೆತಿರಲ್ಲ, ಅಲ್ವಾ? ಇನ್ನೊಂದು ಮಳೆಗೆ ಇನ್ನೊಂದಿಷ್ಟು ಏಳುತ್ತದೆ. ಕ್ಲೋರೋಕ್ವಿನ್ ಅನ್ನೋದು ಎಡೆ ಕುಂಟೆ ಇದ್ದ ಹಾಗೆ. ರಕ್ತದಲ್ಲಿ ಮೇಲೆದ್ದಿದ್ದನ್ನ ಕೊಲ್ಲುತ್ತದೆ, ಲಿವರಿನಲ್ಲಿರುವ ಬೀಜವನ್ನು ಮುಟ್ಟುವುದಿಲ್ಲ. ಆ ಬೀಜಕ್ಕೆ ಸದ್ಯ ನಮ್ಮ ಕೈಯಲ್ಲಿರೋದು ಪ್ರೈಮಾಕ್ವಿನ್ ಮತ್ತು ಅದರದೇ ವಂಶದ ಇನ್ನೊಂದು ಔಷಧ, ಟಾಫೆನೋಕ್ವಿನ್. ಎರಡೇ. ಇಡೀ ಜಗತ್ತಿಗೆ ಎರಡೇ.

ಹಾಗಾಗಿ ‘ಜ್ವರ ಮೈಯಾಗ ಕುಂತೈತಿ’ ಅಂತ ನಮ್ಮ ಹಿರಿಯರು ಹೇಳುವ ಮಾತನ್ನು ನಾನು ತಳ್ಳಿಹಾಕಲ್ಲ. ವೈವಾಕ್ಸ್ ಮಟ್ಟಿಗೆ ಅದು ನಿಜ. ಆದರೆ ಮೊಸರು ತಿಂದದ್ದಕ್ಕೆ, ತಣ್ಣೀರು ಸ್ನಾನ ಮಾಡಿದ್ದಕ್ಕೆ, ಮಳೆಯಲ್ಲಿ ನೆನೆದದ್ದಕ್ಕೆ ಮತ್ತೆ ಬಂತು ಅನ್ನೋದು ನಿಜ ಅಲ್ಲ. ಬಾಣಂತಿಗೆ ಹಾಕಿದ ಹಾಗೆ ಆ ಹುಡುಗನಿಗೆ ಪಥ್ಯ ಹಾಕಬೇಡಿ, ಮೊದಲೇ ರಕ್ತ ಕಡಿಮೆ ಆಗಿರುತ್ತದೆ, ಹೊಟ್ಟೆ ತುಂಬ ಉಣ್ಣಲಿ. ಒಮ್ಮೆ ಬಂದರೆ ಹೋಗೋದೇ ಇಲ್ಲ ಅನ್ನೋದೂ ಸುಳ್ಳು. ಲಿವರಿನ ಬೀಜ ಸತ್ತರೆ ಆ ಸೋಂಕು ಪೂರ್ತಿ ಹೋಗುತ್ತದೆ. ಆಮೇಲೆ ಬಂದರೆ ಅದು ಹೊಸ ಸೊಳ್ಳೆ ತಂದ ಹೊಸ ಮಲೇರಿಯಾ.

ನಿಮ್ಮ ತಮ್ಮನದು ಯಾವುದು? ಜೂನ್, ಪಂಚಮಿ, ದೀಪಾವಳಿ. ಎರಡು ಮೂರು ತಿಂಗಳಿಗೊಮ್ಮೆ. ಕ್ಲೋರೋಕ್ವಿನ್ ರಕ್ತದಲ್ಲಿ ಕೆಲವು ವಾರ ಉಳಿಯುತ್ತದೆ, ಅಷ್ಟು ದಿನ ಲಿವರಿನಿಂದ ಎದ್ದು ಬಂದದ್ದನ್ನೂ ಅದು ಹೊಡೆಯುತ್ತದೆ, ಅದರ ಬಲ ಇಳಿದಮೇಲೆ ಜ್ವರ ಕಾಣಿಸುತ್ತದೆ. ಜೊತೆಗೆ ಪ್ರೈಮಾಕ್ವಿನ್ ನಾಲ್ಕೇ ದಿನಕ್ಕೆ ನಿಂತಿದೆ. ಹಾಗಾಗಿ ಇದು ಲಿವರಿನಿಂದಲೇ ಬಂದದ್ದು ಅನ್ನೋದು ನನ್ನ ಅಂದಾಜು. ಅಂದಾಜು ಅಂತ ಯಾಕೆ ಹೇಳುತ್ತೇನೆ ಅಂದರೆ, ಮಲಗಿರುವ ರೋಗಾಣುವನ್ನು ಹಿಡಿಯುವ ಪರೀಕ್ಷೆ ಜಗತ್ತಿನ ಯಾವ ಲ್ಯಾಬಿನಲ್ಲೂ ಇಲ್ಲ. ಸೆಂಟ್ರಿಂಗ್ ಕೆಲಸದವರು ಮಲಗೋದು ಕಟ್ಟುತ್ತಿರುವ ಕಟ್ಟಡದಲ್ಲೇ, ಸ್ಲ್ಯಾಬಿಗೆ ಕ್ಯೂರಿಂಗ್ ಅಂತ ನಿಲ್ಲಿಸಿದ ನೀರಲ್ಲೇ ಪೇಟೆಯ ಮಲೇರಿಯಾ ಸೊಳ್ಳೆ ಮೊಟ್ಟೆ ಇಡುತ್ತದೆ. ಪಂಚಮಿ ಆದಮೇಲೆ ಅವನು ಮಂಗಳೂರಿಗೆ ಹೋಗಿ ಬಂದಿದ್ದರೆ ಹೊಸ ಸೋಂಕೂ ಇರಬಹುದು. ಏನೇ ಇದ್ದರೂ ಚಿಕಿತ್ಸೆ ಅದೇ.

ಆ ಐದು ದಿನದ ಸಲೈನ್ ಬಗ್ಗೆ ಒಂದು ಮಾತು ಹೇಳಲೇಬೇಕು. ವಿಡಾಲ್ ಅನ್ನೋ ಟೈಫಾಯ್ಡ್ ಪರೀಕ್ಷೆ ಒಂದೇ ಸಲ ಮಾಡಿ ನಿರ್ಧಾರಕ್ಕೆ ಬರುವಂಥದ್ದಲ್ಲ. ಹಿಂದೆ ಯಾವಾಗಲೋ ಆದ ಸೋಂಕಿಗೂ, ಬೇರೆ ಜ್ವರಕ್ಕೂ ಅದು ಪಾಸಿಟಿವ್ ತೋರಿಸಬಹುದು. ಒಮ್ಮೆ ವೈವಾಕ್ಸ್ ಬಂದವರಿಗೆ ವರ್ಷದೊಳಗೆ ಯಾವ ಜ್ವರ ಬಂದರೂ ಮೊದಲು ಮಲೇರಿಯಾ ಸ್ಲೈಡ್, ಅಂದರೆ ಒಂದು ಹನಿ ರಕ್ತ ಗಾಜಿನ ಮೇಲೆ ಸವರಿ ನೋಡುವ ಪರೀಕ್ಷೆ, ಆಗಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಮಾಡುತ್ತಾರೆ, ಆಶಾ ಅಕ್ಕನಿಗೆ ಹೇಳಿದರೂ ಆಗುತ್ತದೆ. ಒಂದು ಸ್ಲೈಡ್ ನೆಗೆಟಿವ್ ಬಂದು ಜ್ವರ ಮುಂದುವರಿದರೆ ಮರುದಿನ ಮತ್ತೆ ಮಾಡಿಸಿ, ವೈವಾಕ್ಸ್‌ನಲ್ಲಿ ರಕ್ತದೊಳಗಿನ ರೋಗಾಣುಗಳ ಸಂಖ್ಯೆ ಕಡಿಮೆ ಇರುತ್ತದೆ, ತಪ್ಪಿಸಿಕೊಳ್ಳುವುದು ಸುಲಭ.

‘ಹಾಗಾದರೆ ನಮ್ಮ ಹುಡುಗ ಯಾಕೆ ಹೀಗೆ ನರಳಬೇಕು’ ಅಂತ ಕೇಳಿದ್ದೀರಿ. ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು, ಯಾಕೆಂದರೆ ಇದು ನನ್ನನ್ನು ಬಹಳ ವರ್ಷದಿಂದ ಕಾಡುತ್ತಿರುವ ಪ್ರಶ್ನೆ.

ಮಲೇರಿಯಾ ಸೊಳ್ಳೆಯಿಂದ ಬರುತ್ತದೆ ಅನ್ನೋದರ ಗುಟ್ಟು ಬಿಟ್ಟುಕೊಟ್ಟದ್ದು ನಮ್ಮ ನೆರೆಯ ಸಿಕಂದರಾಬಾದ್. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಅಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣು ಕಂಡರು. ಆಗ ನಮ್ಮ ಕಲಬುರಗಿ, ಬೀದರ್ ಎಲ್ಲ ಅದೇ ನಿಜಾಮರ ಸೀಮೆಯಲ್ಲಿದ್ದವು. ಆದರೆ ಸೊಳ್ಳೆ ಕಚ್ಚಿದ ಮೇಲೆ ರಕ್ತಕ್ಕೆ ಬರೋ ಮುಂಚೆ ರೋಗಾಣು ಎಲ್ಲಿರುತ್ತದೆ ಅನ್ನೋದು ತಿಳಿಯಲು ಇನ್ನೂ 50 ವರ್ಷ ಹಿಡಿಯಿತು. 1948ರಲ್ಲಿ ಶಾರ್ಟ್ ಮತ್ತು ಗಾರ್ನ್‌ಹ್ಯಾಮ್ ಅನ್ನೋ ಇಬ್ಬರು ಮಂಗನ ಲಿವರಿನಲ್ಲಿ ಅದನ್ನ ತೋರಿಸಿದರು. ಅದರಲ್ಲಿ ಕೆಲವು ಮಲಗಿಯೇ ಇರುತ್ತವೆ ಅಂತ ಕ್ರೊಟೊಸ್ಕಿ ಮತ್ತು ಜೊತೆಯವರು ಸೂಕ್ಷ್ಮದರ್ಶಕದಲ್ಲಿ ಹಿಡಿದದ್ದು 1980ರ ದಶಕದ ಮೊದಲ ವರ್ಷಗಳಲ್ಲಿ. ಅಂದರೆ ರೋಗದ ಬೇರು ಎಲ್ಲಿದೆ ಅಂತ ಕಣ್ಣಾರೆ ಕಂಡು ಇನ್ನೂ 50 ವರ್ಷ ಆಗಿಲ್ಲ.

ವಿಚಿತ್ರ ಅಂದರೆ ಬೇರು ಕಾಣುವ ಮೊದಲೇ ಔಷಧ ಬಂದಿತ್ತು. ಕೊರಿಯಾ ಯುದ್ಧಕ್ಕೆ ಹೋದ ಅಮೆರಿಕದ ಸೈನಿಕರು ಊರಿಗೆ ಮರಳಿದ ಮೇಲೆ ತಿಂಗಳುಗಟ್ಟಲೆ ಬಿಟ್ಟು ಜ್ವರದಲ್ಲಿ ಬೀಳತೊಡಗಿದರು. ಆ ಒತ್ತಡಕ್ಕೆ ಪ್ರೈಮಾಕ್ವಿನ್ ತಯಾರಾಗಿ 1952ರಲ್ಲಿ ಅಲ್ಲಿ ಒಪ್ಪಿಗೆ ಪಡೆಯಿತು. ಅದನ್ನ ಪರೀಕ್ಷೆ ಮಾಡಿದ್ದು ಇಲಿನಾಯ್ ರಾಜ್ಯದ ಜೈಲಿನ ಕೈದಿಗಳ ಮೇಲೆ, ಇವತ್ತು ಯಾರೂ ಒಪ್ಪದ ರೀತಿಯಲ್ಲಿ. ಆಮೇಲೆ ಏನಾಯಿತು? ಸೈನಿಕರು ಗುಣವಾದರು, ಶ್ರೀಮಂತ ದೇಶಗಳಲ್ಲಿ ಮಲೇರಿಯಾ ಹೋಯಿತು. ಲಿವರಿನ ಬೀಜಕ್ಕೆ ಮುಂದಿನ ಔಷಧ ಒಪ್ಪಿಗೆ ಪಡೆದದ್ದು 2018ರಲ್ಲಿ. ನಡುವೆ 66 ವರ್ಷ. ಟಾಫೆನೋಕ್ವಿನ್‌ನ ಅಣು ತಯಾರಾದದ್ದೇ 1978ರಲ್ಲಿ, ಅದು ರೋಗಿಯ ಕೈಗೆ ಬರಲು 40 ವರ್ಷ ತಗೊಂಡಿತು.

ಇದಕ್ಕೆ ಒಂದು ಕಾರಣ ಹೆಸರು. ಹಳೆ ವೈದ್ಯಕೀಯ ಪುಸ್ತಕಗಳಲ್ಲಿ ವೈವಾಕ್ಸ್‌ಗೆ ಸೌಮ್ಯ ಮಲೇರಿಯಾ ಅಂತ ಕರೆದರು. ನಾನೂ ಹಾಗೇ ಓದಿ ಪಾಸಾದವನು. ಸೌಮ್ಯ ಅಂದಮೇಲೆ ದುಡ್ಡು ಯಾರು ಹಾಕುತ್ತಾರೆ? ಆಫ್ರಿಕಾದಲ್ಲಿ ಮಕ್ಕಳನ್ನು ಕೊಲ್ಲುತ್ತಿರುವುದು ಫಾಲ್ಸಿಪಾರಮ್, 2023ರಲ್ಲಿ ಜಗತ್ತಿನಲ್ಲಿ ಮಲೇರಿಯಾಕ್ಕೆ ಸತ್ತವರು ಸುಮಾರು 5.97 ಲಕ್ಷ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, ಬಹುಪಾಲು ಅದೇ ಮಕ್ಕಳು. ಸಂಶೋಧನೆಯ ದುಡ್ಡು ಅತ್ತ ಹೋದದ್ದು ತಪ್ಪು ಅಂತ ನಾನು ಹೇಳಲ್ಲ. ಆದರೆ ವೈವಾಕ್ಸ್ ಸೌಮ್ಯ ಅಲ್ಲ. ರಾಜಸ್ಥಾನದ ಬಿಕಾನೇರಿನ ವೈದ್ಯರು 2005ರಲ್ಲೇ ವೈವಾಕ್ಸ್‌ನಿಂದ ಕಿಡ್ನಿ, ಲಿವರ್, ಶ್ವಾಸಕೋಶ ಕೆಟ್ಟ ರೋಗಿಗಳ ವಿವರ ಪ್ರಕಟಿಸಿದರು. ಪ್ಲೇಟ್‌ಲೆಟ್ ಬಿದ್ದು ಡೆಂಗಿ ಅಂತ ನನ್ನ ಹತ್ತಿರ ಬಂದು ವೈವಾಕ್ಸ್ ಆಗಿ ಹೊರಬಿದ್ದವರು ಎಷ್ಟೋ ಜನ. ಪ್ರಾಣ ಹೋಗದಿದ್ದರೂ, ಮೂರು ಸಲ ಜ್ವರ ಬಂದ ಹುಡುಗನ ರಕ್ತ ಎಷ್ಟು ಇಳಿದಿರುತ್ತದೆ, ಎಷ್ಟು ದಿನದ ಪಗಾರ ಹೋಗಿರುತ್ತದೆ, ನಿಮಗೇ ಗೊತ್ತು.

ಎರಡನೇ ಕಾರಣ ಈ ರೋಗಾಣುವಿನ ಹಟ. ಒಂದು ರೋಗಾಣುವಿನ ಮೇಲೆ ಔಷಧ ಪರೀಕ್ಷೆ ಮಾಡಬೇಕಾದರೆ ಮೊದಲು ಅದನ್ನ ಲ್ಯಾಬಿನಲ್ಲಿ ಸಾಕಬೇಕು. ಫಾಲ್ಸಿಪಾರಮ್ ಸಾಕುವುದನ್ನು ಟ್ರಾಗರ್ ಮತ್ತು ಜೆನ್ಸನ್ 1976ರಲ್ಲೇ ಕಲಿಸಿಕೊಟ್ಟರು. ಇವತ್ತು ಜಗತ್ತಿನ ನೂರಾರು ಲ್ಯಾಬಿನಲ್ಲಿ ಅದು ಬೆಳೆಯುತ್ತದೆ. ವೈವಾಕ್ಸ್ ಅನ್ನು ಹಾಗೆ ಬಿಡದೆ ಬೆಳೆಸಿಕೊಂಡು ಹೋಗಲು ಇವತ್ತಿಗೂ ಆಗಿಲ್ಲ. ಅದು ಎಲ್ಲ ಕೆಂಪು ರಕ್ತಕಣಕ್ಕೂ ನುಗ್ಗಲ್ಲ, ಆಗಷ್ಟೇ ಹುಟ್ಟಿದ ಎಳೆ ಕಣಗಳೇ ಬೇಕು. ನಮ್ಮ ರಕ್ತದಲ್ಲಿ ಅಂಥವು ನೂರಕ್ಕೆ ಒಂದೋ ಎರಡೋ. ನಾನು ಕಲಿಯುವ ದಿನಗಳಲ್ಲಿ ಒಂದು ಲ್ಯಾಬಿನಲ್ಲಿ ರೋಗಿಯ ರಕ್ತ ತಂದು ಇದನ್ನ ಬದುಕಿಸಲು ರಾತ್ರಿ ಕೂತದ್ದುಂಟು. ಒಂದು ಸುತ್ತು ಬೆಳೆಯುತ್ತದೆ, ಆಸೆ ಹುಟ್ಟಿಸುತ್ತದೆ, ಎರಡು ಮೂರು ದಿನಕ್ಕೆ ಸತ್ತುಹೋಗುತ್ತದೆ. ಮತ್ತೆ ಹೊಸ ರೋಗಿಗಾಗಿ ಕಾಯಬೇಕು. ಮಳೆಗಾಲ ಮುಗಿದರೆ ಅದೂ ಇಲ್ಲ.

ಈಗೀಗ ಬಾಗಿಲು ಒಂದೊಂದೇ ತೆರೆಯುತ್ತಿವೆ. 2008ರಲ್ಲಿ ಜೇನ್ ಕಾರ್ಲ್‌ಟನ್ ಮತ್ತು ಜೊತೆಯವರು ವೈವಾಕ್ಸ್‌ನ ಪೂರ್ತಿ ಜೀನೋಮ್, ಅಂದರೆ ವಂಶವಾಹಿಗಳ ಇಡೀ ಲಿಪಿ, ಓದಿದರು. ಎಳೆ ಕಣವನ್ನೇ ಅದು ಹುಡುಕುವುದು ಹೇಗೆ ಅನ್ನೋದರ ಒಂದು ದೊಡ್ಡ ಸುಳಿವು 2018ರಲ್ಲಿ ಸಿಕ್ಕಿತು. ಎಳೆ ಕಣಗಳು ಕಬ್ಬಿಣದ ಅಂಶ ಒಳಗೆ ತಗೊಳ್ಳಲು ಇಟ್ಟುಕೊಂಡಿರುವ ಬಾಗಿಲನ್ನೇ ಇದು ಹಿಡಿದುಕೊಳ್ಳುತ್ತದೆ, ಕಣ ಬಲಿತಂತೆ ಆ ಬಾಗಿಲು ಉದುರಿಹೋಗುತ್ತದೆ. 2019ರಲ್ಲಿ ಇದರ ಹತ್ತಿರದ ಸಂಬಂಧಿ, ಮಂಗಗಳಿಗೆ ಬರುವ ಸೈನೊಮೊಲ್ಗಿ ಅನ್ನೋ ರೋಗಾಣುವನ್ನು ಲ್ಯಾಬಿನಲ್ಲಿ ಸತತ ಬೆಳೆಸಿದರು, ಅದೂ ಲಿವರಿನಲ್ಲಿ ಮಲಗುವ ಜಾತಿಯೇ, ಹಾಗಾಗಿ ಔಷಧ ಹುಡುಕುವವರಿಗೆ ಕೈಗೊಂದು ಆಸರೆ ಆಯಿತು. 2020ರಲ್ಲಿ ಒಂದು ತಂಡ ಸೋಂಕಿನ ವಿರುದ್ಧ ಮೈ ತಯಾರಿಸುವ ಎಂಟು ಪ್ರತಿಕಾಯಗಳನ್ನು ರಕ್ತದಲ್ಲಿ ಅಳೆದು, ಕಳೆದ ಒಂಬತ್ತು ತಿಂಗಳಲ್ಲಿ ವೈವಾಕ್ಸ್ ಬಂದಿತ್ತಾ ಅಂತ ನೂರಕ್ಕೆ ಸುಮಾರು 80 ಸಲ ಸರಿಯಾಗಿ ಹೇಳಬಹುದು ಅಂತ ತೋರಿಸಿತು. ಮಲಗಿದ್ದನ್ನು ನೇರ ಕಾಣಲು ಆಗದಿದ್ದರೂ, ಯಾರ ಲಿವರಿನಲ್ಲಿ ಇರಬಹುದು ಅಂತ ಊಹಿಸಲು ಇದು ದಾರಿ. 2021ರಲ್ಲಿ ಇಂಡೋನೇಷ್ಯಾದ ಪಪುವಾದಲ್ಲಿ ಇನ್ನೂ ಒಂದು ಗೊತ್ತಾಯಿತು. ಜ್ವರ ಇಲ್ಲದೆ ಸೋಂಕು ಹೊತ್ತು ತಿರುಗುತ್ತಿದ್ದವರ ಮೈಯಲ್ಲಿದ್ದ ವೈವಾಕ್ಸ್‌ನಲ್ಲಿ ನೂರಕ್ಕೆ 98ಕ್ಕಿಂತ ಜಾಸ್ತಿ ಪಾಲು ಗುಲ್ಮ ಅಂದರೆ ಸ್ಪ್ಲೀನ್‌ನಲ್ಲೇ ಅಡಗಿತ್ತು, ರಕ್ತದಲ್ಲಿ ಕಂಡದ್ದು ಚೂರು ಮಾತ್ರ. ನಾವು ಇಷ್ಟು ವರ್ಷ ಸ್ಲೈಡಿನಲ್ಲಿ ನೋಡುತ್ತಿದ್ದದ್ದು ಅಂಚನ್ನು ಅಷ್ಟೇ ಅಂತ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಪಪುವಾ ನ್ಯೂಗಿನಿಯ ಮಕ್ಕಳಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು. ಅಲ್ಲಿ ಐದರಲ್ಲಿ ನಾಲ್ಕು ವೈವಾಕ್ಸ್ ಸೋಂಕು ಹೊಸ ಸೊಳ್ಳೆಯಿಂದಲ್ಲ, ಹಳೆ ಲಿವರ್ ಬೀಜದಿಂದ ಬಂದಿತ್ತು. ಅಂದಮೇಲೆ ಬರೀ ಸೊಳ್ಳೆ ಹೊಡೆದು ವೈವಾಕ್ಸ್ ಓಡಿಸಲು ಆಗುತ್ತದಾ? 2030ಕ್ಕೆ ಮಲೇರಿಯಾ ಇಲ್ಲದ ದೇಶ ಆಗಬೇಕು ಅಂತ ನಮ್ಮ ದೇಶ ಗುರಿ ಇಟ್ಟುಕೊಂಡಿದೆ. ಆ ದಾರಿ ನಿಮ್ಮ ಮನೆಯ ಮಾಡದ ಮುಂದೆಯೇ ಹೋಗುತ್ತದೆ, ಅದಕ್ಕೇ ಇಷ್ಟೆಲ್ಲ ಹೇಳಿದೆ.

ಈಗ ದೊಡ್ಡವ್ವನ ಮಗನ ವಿಷಯ. ಜಿ6ಪಿಡಿ ಅನ್ನೋದು ಕೆಂಪು ರಕ್ತಕಣವನ್ನು ಕಾಯುವ ಒಂದು ಕಿಣ್ವ. ಕೆಲವರಿಗೆ ಹುಟ್ಟಿನಿಂದಲೇ ಅದು ಕಡಿಮೆ. ದಿನನಿತ್ಯದಲ್ಲಿ ಅವರಿಗೆ ಏನೂ ಗೊತ್ತಾಗಲ್ಲ, ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಪ್ರೈಮಾಕ್ವಿನ್ ಹೊಟ್ಟೆಗೆ ಹೋದಾಗ ರಕ್ತಕಣಗಳು ಒಡೆಯುತ್ತವೆ. ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಳದಿ, ಏದುಸಿರು, ತಲೆಸುತ್ತು. ‘ಗರ್ಮಿ’ ಅಂತ ಅವ್ವ ಹೇಳೋದು ಇದನ್ನೇ ನೋಡಿ. ಗುಳಿಗೆಯ ಉಷ್ಣ ಅಲ್ಲ ಅದು, ಆ ಹುಡುಗನ ರಕ್ತದ ಹುಟ್ಟುಗುಣ. ಎಲ್ಲರಿಗೂ ಹಾಗೆ ಆಗಲ್ಲ. ವೈದ್ಯಲೋಕಕ್ಕೆ ಈ ಕೊರತೆ ಗೊತ್ತಾದದ್ದೇ ಪ್ರೈಮಾಕ್ವಿನ್‌ನಿಂದ, 1956ರಲ್ಲಿ. ಕೆಲವರ ರಕ್ತ ಮಾತ್ರ ಯಾಕೆ ಒಡೆಯುತ್ತದೆ ಅಂತ ಹುಡುಕುತ್ತಾ ಹೋಗಿ ಸಿಕ್ಕದ್ದು.

ಈ ಕೊರತೆ ಬರೋದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡುಮಕ್ಕಳಿಗೆ ಎಕ್ಸ್ ಒಂದೇ, ಅದು ತಾಯಿಯಿಂದ ಬಂದದ್ದು. ನಿಮ್ಮ ದೊಡ್ಡವ್ವನ ಮಗನಿಗೆ ಕೊರತೆ ಇದ್ದರೆ ಅದು ದೊಡ್ಡವ್ವನಿಂದ ಬಂದಿದೆ. ದೊಡ್ಡವ್ವನಿಗೆ ಬಂದದ್ದು ನಿಮ್ಮ ಅಜ್ಜನಿಂದಲೋ ಅಜ್ಜಿಯಿಂದಲೋ. ಹಾಗಾದರೆ ನಿಮ್ಮವ್ವನಿಗೂ ಬಂದಿರಬಹುದು, ಅವ್ವನಿಂದ ತಮ್ಮನಿಗೂ ಬಂದಿರಬಹುದು. ಕಾಕಾನ ಮಗ ಆಗಿದ್ದರೆ ಈ ಸರಪಳಿ ಇರುತ್ತಿರಲಿಲ್ಲ. ಇದಕ್ಕೇ ನಾನು ಆ ಶಬ್ದಕ್ಕೆ ನಿಂತದ್ದು. ಆದರೆ ಮೂತ್ರ ಕರ್ರಗಾಗಲು ಬೇರೆ ಕಾರಣವೂ ಇರಬಹುದು, ಜೋರು ಮಲೇರಿಯಾವೇ ರಕ್ತ ಒಡೆಯಬಹುದು, ಕಾಮಾಲೆ ಇರಬಹುದು. ಅವನಿಗೂ ಈಗ ಪರೀಕ್ಷೆ ಮಾಡಿಸಿ. ರಕ್ತ ಒಡೆದ ಹೊತ್ತಿನಲ್ಲಿ, ರಕ್ತ ಹಚ್ಚಿದ ಹೊಸತರಲ್ಲಿ ಮಾಡಿದರೆ ರಿಪೋರ್ಟ್ ಸುಳ್ಳೇ ನಾರ್ಮಲ್ ಬರಬಹುದು, ಎರಡು ವರ್ಷ ಆದಮೇಲೆ ಆ ತೊಂದರೆ ಇಲ್ಲ.

ತಮ್ಮ ಜೂನ್‌ನಲ್ಲಿ ನಾಲ್ಕು ದಿನ ನುಂಗಿದ್ದಾನೆ, ಆಗ ತೊಂದರೆ ಆಯಿತು ಅಂತ ನೀವು ಬರೆದಿಲ್ಲ, ಅದು ಸ್ವಲ್ಪ ಸಮಾಧಾನ. ಆದರೆ ಪುರಾವೆ ಅಲ್ಲ. ಮೂತ್ರದ ಬಣ್ಣ ನೋಡಿಕೊಂಡಿದ್ದನಾ, ನಾಲ್ಕೂ ದಿನ ನಿಜವಾಗಿ ನುಂಗಿದ್ದನಾ, ನೀವೇ ಕೇಳಿ ನೋಡಿ. ಯಾಕೆ ಬಿಟ್ಟ ಅಂತಲೂ ಕೇಳಿ. ಹೊಟ್ಟೆನೋವು ಅಂದರೆ ಅದಕ್ಕೆ ಮದ್ದು ಸುಲಭ, ಊಟ ಆದಮೇಲೆ ನುಂಗಬೇಕು, ಬರಿಹೊಟ್ಟೆಯಲ್ಲಿ ಅಲ್ಲ. ಸುಸ್ತು, ಏದುಸಿರು ಅಂದರೆ ಮಾತೇ ಬೇರೆ, ಡಾಕ್ಟರಿಗೆ ಹೇಳಿ.

ಪರೀಕ್ಷೆ ನಿಮ್ಮೂರಲ್ಲಿ ಸಿಗದಿದ್ದರೆ ಯಾದಗಿರಿ ಅಥವಾ ಕಲಬುರಗಿಯ ದೊಡ್ಡ ಲ್ಯಾಬಿನಲ್ಲಿ ಕೇಳಿ, ಅಲ್ಲೇ ಆಗದಿದ್ದರೆ ಹೊರಗೆ ಕಳಿಸಿ ತರಿಸುತ್ತಾರೆ. ಬರೀ ಇದೆ ಇಲ್ಲ ಅಂತ ಹೇಳುವ ಪರೀಕ್ಷೆಗಿಂತ ಎಷ್ಟಿದೆ ಅಂತ ಅಂಕಿ ಕೊಡುವ ಪರೀಕ್ಷೆ ಒಳ್ಳೆಯದು. ಹಿಮೋಗ್ಲೋಬಿನ್ ಕೂಡ ಮಾಡಿಸಿ. ನಮ್ಮಲ್ಲಿ ಪ್ರತಿ ರೋಗಿಗೂ ಜಿ6ಪಿಡಿ ನೋಡಿಯೇ ಗುಳಿಗೆ ಕೊಡುವ ರೂಢಿ ಇನ್ನೂ ಬಂದಿಲ್ಲ. ನೀವಾಗಿ ಕೇಳಬೇಕು. ಬಹಳ ವರ್ಷದ ಹಿಂದೆ ಸೇಡಂ ಕಡೆಯ ಒಬ್ಬ ಹುಡುಗ ಗುಳಿಗೆಯ ಐದನೇ ದಿನ ಕಾಗದದ ಹಾಗೆ ಬಿಳಿಚಿಕೊಂಡು ನನ್ನ ಮುಂದೆ ಬಂದಿದ್ದ. ಆ ಮನೆಯಲ್ಲಿ ಮೊದಲೇ ಒಬ್ಬರಿಗೆ ಹೀಗಾಗಿತ್ತು, ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಅವನು ಉಳಿದ. ಅವತ್ತಿನಿಂದ ಪ್ರೈಮಾಕ್ವಿನ್ ಬರೆಯುವ ಮುಂಚೆ ನಾನು ತಾಯಿ ಕಡೆಯ ಸಂಬಂಧ ಕೇಳದೆ ಪೆನ್ನು ಎತ್ತಿಲ್ಲ.

ರಿಪೋರ್ಟ್ ನಾರ್ಮಲ್ ಬಂದರೆ 14 ದಿನದ ಕೋರ್ಸ್ ಪೂರ್ತಿ ಆಗಬೇಕು. ಇಲ್ಲಿ ಒಂದು ಲೆಕ್ಕ ಇದೆ. ನಮ್ಮ ರಾಷ್ಟ್ರೀಯ ಕಾರ್ಯಕ್ರಮದ ಡೋಸ್ ತೂಕದ ಪ್ರಕಾರ ಕೆ.ಜಿ.ಗೆ ದಿನಕ್ಕೆ 0.25 ಮಿಲಿಗ್ರಾಂ. ದೊಡ್ಡವರಿಗೆ ಸಾಮಾನ್ಯವಾಗಿ ಕೊಡುವ 15 ಮಿಲಿಗ್ರಾಂ ಹೊಂದುವುದು 60 ಕೆ.ಜಿ. ತೂಕಕ್ಕೆ. ನಿಮ್ಮ ತಮ್ಮ 72 ಕೆ.ಜಿ., ಅವನಿಗೆ 18 ಆಗುತ್ತದೆ. ಇದನ್ನ ಡಾಕ್ಟರಿಗೆ ನೆನಪಿಸಿ, ನೀವಾಗಿ ಗುಳಿಗೆ ಜಾಸ್ತಿ ಮಾಡಬೇಡಿ. ದಿನದ ಡೋಸ್ ಹೆಚ್ಚಿಸಿ 7 ದಿನಕ್ಕೆ ಮುಗಿಸುವ ಕೋರ್ಸ್ ಕೂಡ ಇದೆ. ಅಫ್ಘಾನಿಸ್ತಾನ, ಇಥಿಯೋಪಿಯಾ, ಇಂಡೋನೇಷ್ಯಾ, ವಿಯೆಟ್ನಾಂಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಅದು 14 ದಿನದಷ್ಟೇ ಕೆಲಸ ಮಾಡಿತು. ಸೈಟಿಗೆ ಓಡುವ ಹುಡುಗರಿಗೆ 7 ದಿನ ನುಂಗಿಸುವುದು ಸುಲಭ, ಆದರೆ ದಿನದ ಡೋಸ್ ದೊಡ್ಡದಾದ್ದರಿಂದ ಜಿ6ಪಿಡಿ ನೋಡದೆ ಅದಕ್ಕೆ ಕೈ ಹಾಕಲೇಬಾರದು.

ರಿಪೋರ್ಟ್‌ನಲ್ಲಿ ಕೊರತೆ ಅಂತ ಬಂದರೆ 14 ದಿನದ ಕೋರ್ಸ್ ಬೇಡವೇ ಬೇಡ. ಅಂಥವರಿಗೆ ವಾರಕ್ಕೊಮ್ಮೆ, ಕೆ.ಜಿ.ಗೆ 0.75 ಮಿಲಿಗ್ರಾಂ ಲೆಕ್ಕದಲ್ಲಿ, 8 ವಾರ ಕೊಡುವ ದಾರಿ ಇದೆ. ಅದೂ ಹಿಮೋಗ್ಲೋಬಿನ್ ನೋಡುತ್ತಾ, ಡಾಕ್ಟರ ಕಣ್ಣೆದುರಿಗೆ, ರಕ್ತ ಸಿಗುವ ಆಸ್ಪತ್ರೆ ಹತ್ತಿರ ಇದ್ದರೆ ಮಾತ್ರ. ಅದೂ ಬೇಡ ಅನಿಸಿದರೆ ಜ್ವರ ಬಂದಾಗಲೆಲ್ಲ ಬೇಗ ಕ್ಲೋರೋಕ್ವಿನ್ ಕೊಟ್ಟು ಸಂಭಾಳಿಸುವುದು. ಮತ್ತೆ ಮತ್ತೆ ರಕ್ತ ಇಳಿಯುತ್ತದೆ ಅನ್ನೋದು ಅದರ ಅಪಾಯ.

ಯಾವ ದಾರಿ ಹಿಡಿದರೂ, ಮೊದಲ ವಾರ ದಿನಾ ಬೆಳಿಗ್ಗೆ ಮೂತ್ರದ ಬಣ್ಣ ನೋಡಬೇಕು. ಬಣ್ಣ ಕಪ್ಪಾದರೆ, ಕಣ್ಣು ಹಳದಿ ಆದರೆ, ಮೆಟ್ಟಿಲು ಹತ್ತಲು ಉಸಿರು ಸಾಲದಿದ್ದರೆ ಆ ಕ್ಷಣ ಗುಳಿಗೆ ನಿಲ್ಲಿಸಿ, ಚೀಟಿ ಹಿಡಿದು ದೊಡ್ಡ ಆಸ್ಪತ್ರೆಗೆ ಹೋಗಿ. ಪ್ರೈಮಾಕ್ವಿನ್ ರಕ್ತದಿಂದ ಬೇಗ ಇಳಿಯುತ್ತದೆ, ಸುಮಾರು ಆರು ಗಂಟೆಗೆ ಅರ್ಧ. ನಿಲ್ಲಿಸಿದರೆ ಹಾನಿಯೂ ನಿಲ್ಲತೊಡಗುತ್ತದೆ.

ಒಂದೇ ಡೋಸಿನ ಟಾಫೆನೋಕ್ವಿನ್‌ಗೆ ಇರುವ ತೊಡಕು ಇದೇ. ಅದು ಅರ್ಧ ಇಳಿಯಲು ಸುಮಾರು 15 ದಿನ ಬೇಕು. ನುಂಗಿದ ಮೇಲೆ ಹಿಂದಕ್ಕೆ ತೆಗೆಯಲು ಆಗಲ್ಲ. ಅದಕ್ಕೇ ಜಿ6ಪಿಡಿ ನಾರ್ಮಲ್ ಮಟ್ಟದ ಶೇ. 70ಕ್ಕಿಂತ ಜಾಸ್ತಿ ಇದೆ ಅಂತ ಅಂಕಿ ಸಮೇತ ಗೊತ್ತಾದವರಿಗೆ ಮಾತ್ರ ಕೊಡಬೇಕು. ಬ್ರೆಜಿಲ್ ಅದನ್ನ ಸರ್ಕಾರಿ ವ್ಯವಸ್ಥೆಗೆ ತಂದಿದೆ, ಆದರೆ ಪರೀಕ್ಷೆಯ ಯಂತ್ರವನ್ನೂ ಜೊತೆಗೆ ತಂದಿತು. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕ್ಲೋರೋಕ್ವಿನ್ ಜೊತೆಗೆ, ದಕ್ಷಿಣ ಅಮೆರಿಕದ ಮಟ್ಟಿಗೆ ಇದನ್ನ ಶಿಫಾರಸು ಮಾಡಿದೆ. ಇಂಡೋನೇಷ್ಯಾದ ಸೈನಿಕರಲ್ಲಿ ಬೇರೊಂದು ಮಲೇರಿಯಾ ಔಷಧದ ಜೊತೆ ಕೊಟ್ಟಾಗ ಅದು ಕೆಲಸ ಮಾಡಲಿಲ್ಲ. ಹಾಗಾಗಿ ಯಾರೋ ತರಿಸಿಕೊಡುತ್ತೇನೆ ಅಂದರೆ ದುಡ್ಡು ಕೊಡಬೇಡಿ. ನಮ್ಮಲ್ಲಿ ಸರ್ಕಾರಿ ಚಿಕಿತ್ಸೆ ಇವತ್ತಿಗೂ ಪ್ರೈಮಾಕ್ವಿನ್ನೇ.

ಲಸಿಕೆ ಬಂದಿರೋದು ನಿಜ, ಅದರಲ್ಲಿ ಆರ್21 ಅನ್ನೋದು ನಮ್ಮ ಪುಣೆಯಲ್ಲೇ ತಯಾರಾಗುತ್ತದೆ. ಆದರೆ ಅವು ಫಾಲ್ಸಿಪಾರಮ್‌ಗೆ. ವೈವಾಕ್ಸ್‌ನಿಂದ ಕಾಯುವುದಿಲ್ಲ. ವೈವಾಕ್ಸ್ ಲಸಿಕೆಯೊಂದನ್ನು ಆಕ್ಸ್‌ಫರ್ಡಿನಲ್ಲಿ ಸ್ವಯಂಸೇವಕರ ಮೇಲೆ ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಕೊಟ್ಟರು. ರೋಗಾಣು ಬೆಳೆಯುವ ವೇಗ ಸುಮಾರು ಅರ್ಧಕ್ಕೆ ಇಳಿಯಿತು. ಅದರ ಹಿಂದೆ ದೆಹಲಿಯ ವಿಜ್ಞಾನಿಗಳ ವರ್ಷಗಟ್ಟಲೆ ದುಡಿಮೆ ಇದೆ. ಅರ್ಧ ಸಾಲದು, ಆದರೆ ಸೊನ್ನೆಯಿಂದ ಅರ್ಧಕ್ಕೆ ಬಂದದ್ದು ನನಗೆ ದೊಡ್ಡದು.

ಇನ್ನು ತಮ್ಮನ ಹೆಂಡತಿ. ಒಬ್ಬರಿಂದ ಒಬ್ಬರಿಗೆ ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಮಲೇರಿಯಾ ಬರಲ್ಲ. ಆದರೆ ವೈವಾಕ್ಸ್‌ನಲ್ಲಿ ಸೊಳ್ಳೆಗೆ ದಾಟುವ ರೂಪದ ರೋಗಾಣು ಬಹಳ ಬೇಗ, ಕೆಲವು ಸಲ ಜ್ವರ ಏರುವ ಮೊದಲೇ ರಕ್ತದಲ್ಲಿರುತ್ತದೆ. ನಿಮ್ಮದು ನಾರಾಯಣಪುರ ಕಾಲುವೆಯ ನೀರು ಹರಿಯುವ ಸೀಮೆ. ಕಾಲುವೆ ಅಂಚಿನ ಜಿನುಗು ನೀರು, ಗದ್ದೆ ಬದಿಯ ಕುಣಿ, ಅಲ್ಲೆಲ್ಲ ಹಳ್ಳಿಯ ಮಲೇರಿಯಾ ಸೊಳ್ಳೆ ಹುಟ್ಟುತ್ತದೆ, ರಾತ್ರಿ ಮನೆಯೊಳಗೆ ಬಂದು ಕಚ್ಚುತ್ತದೆ. ಇವತ್ತೇ ಎರಡು ಪರದೆ ಕಟ್ಟಿ. ಒಂದು ತಮ್ಮನಿಗೆ, ಇನ್ನೊಂದು ತಾಯಿ ಮಗಳಿಗೆ. ಅವಳಿಗೆ ಸ್ವಲ್ಪ ಮೈ ಬಿಸಿ ಅನಿಸಿದರೂ ಅದೇ ದಿನ ಸ್ಲೈಡ್. ಬಂದದ್ದು ವೈವಾಕ್ಸ್ ಆದರೆ ಕ್ಲೋರೋಕ್ವಿನ್ ಬಸುರಿಗೂ ಕೊಡಬಹುದು. ಪ್ರೈಮಾಕ್ವಿನ್, ಟಾಫೆನೋಕ್ವಿನ್ ಎರಡೂ ಹೆರಿಗೆ ಆಗುವವರೆಗೆ ಮುಟ್ಟಬಾರದು, ಹೊಟ್ಟೆಯೊಳಗಿನ ಮಗುವಿನ ಜಿ6ಪಿಡಿ ಎಷ್ಟು ಅಂತ ನಮಗೆ ಗೊತ್ತಿರಲ್ಲ. ಹೆರಿಗೆಯ ತನಕ ವಾರಕ್ಕೊಮ್ಮೆ ಕ್ಲೋರೋಕ್ವಿನ್ ಕೊಟ್ಟು ತಡೆಹಿಡಿಯುವ ದಾರಿ ಇದೆ, ಹೆರಿಗೆ ಡಾಕ್ಟರನ್ನು ಕೇಳಿ.

ಮತ್ತೆ ಸಂಬಂಧದ ಮಾತಿಗೆ ಬರುತ್ತೇನೆ. ಅವಳು ನಿಮ್ಮ ಸೋದರಮಾವನ ಮಗಳು. ಸೋದರಮಾವ ನಿಮ್ಮವ್ವ, ದೊಡ್ಡವ್ವನ ಜೊತೆಗೇ ಹುಟ್ಟಿದವರು, ಹಾಗಾಗಿ ಅವರಿಗೂ ಆ ಕೊರತೆ ಬಂದಿರಬಹುದು. ಬಂದಿದ್ದರೆ ಅವರ ಹೆಣ್ಣುಮಕ್ಕಳಿಗೆಲ್ಲ ಒಂದು ಪ್ರತಿ ಬಂದೇ ಬಂದಿರುತ್ತದೆ. ತಮ್ಮನಿಗೆ ಕೊರತೆ ಇದ್ದರೆ ಅವನ ನಾಲ್ಕು ವರ್ಷದ ಮಗಳಿಗೂ ಅಷ್ಟೇ. ಹೆಂಗಸರಲ್ಲಿ ಒಂದು ಪ್ರತಿ ಇದ್ದಾಗ ಕಿಣ್ವ ಅರೆಬರೆ ಇರುತ್ತದೆ, ಇದೆ ಇಲ್ಲ ಅನ್ನುವ ಪರೀಕ್ಷೆಯಲ್ಲಿ ಅದು ಜಾರಿಹೋಗುತ್ತದೆ. ಹಾಗಾಗಿ ತಾಯಿ ಮಗಳಿಗೂ ಅಂಕಿ ಕೊಡುವ ಪರೀಕ್ಷೆಯೇ ಆಗಲಿ. ದೊಡ್ಡವ್ವನ ಮಗನ ಹಳೆ ಆಸ್ಪತ್ರೆ ಕಾಗದ ಹುಡುಕಿ, ತಮ್ಮನ ರಿಪೋರ್ಟಿನ ಜೊತೆ ಒಂದೇ ಕವರಿನಲ್ಲಿ ಇಡಿ. ಹೆರಿಗೆ ಹೊತ್ತಿಗೆ ಮಕ್ಕಳ ಡಾಕ್ಟರಿಗೆ ಅದನ್ನ ತೋರಿಸಿ, ಈ ಕೊರತೆ ಇರುವ ಕೂಸುಗಳಿಗೆ ಹುಟ್ಟಿದ ಹೊಸತರಲ್ಲಿ ಕಾಮಾಲೆ ಜಾಸ್ತಿ ಆಗುತ್ತದೆ. ಕೂಸಿಗೆ ಅಂತ ಟ್ರಂಕಿನಿಂದ ಹಳೆ ಕುಲಾಯಿ, ದುಪಟಿ ತೆಗೀತೀರಲ್ಲ, ಅದರಲ್ಲಿ ಡಾಂಬರ್ ಗುಳಿಗೆ ಹಾಕಿಟ್ಟಿದ್ದರೆ ಆ ಬಟ್ಟೆ ಕೂಸಿಗೆ ಹಾಕಬೇಡಿ. ಅದರ ಆವಿಗೂ ಈ ಕೊರತೆ ಇರುವ ರಕ್ತ ಒಡೆಯುತ್ತದೆ.